ಈಜುಕೊಳಕ್ಕೆ ತಕ್ಕ ಪಂಪು

ಬಾವಿಯ ಪಂಪನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಆಳದ ನೀರನ್ನು ಮಾಳಿಗೆಯ ಮೇಲಣ ತೊಟ್ಟಿಗೆ ಏರಿಸುತ್ತದೆ. ಮನೆಯಂಗಳದ ಈಜುಕೊಳದ ಪಂಪಾದರೋ ಕೊಳದಿಂದ ನೀರನ್ನು ಸೆಳೆದು ಮರಳಿ ಅದೇ ಕೊಳಕ್ಕೆ ಬಿಡುತ್ತದೆ. ಹೊರಟ ಮಟ್ಟಕ್ಕೇ ನೀರು ಬಂದು ಸೇರುವುದರಿಂದ ಒಟ್ಟಿನಲ್ಲಿ ಅದನ್ನು ಮೇಲೆತ್ತಿದಂತಾಗಲಿಲ್ಲ. ಹಾಗಾದರೆ ಈ ಪಂಪಿಗೆ ಕೆಲಸವೇನು? ಅದಕ್ಕೆ ಎಷ್ಟು ಅಶ್ವಶಕ್ತಿ ಬೇಕು? ಭೌತವಿಜ್ಞಾನದ ತರಗತಿಯಲ್ಲಿ ಕಲಿತ ಲೆಕ್ಕದಿಂದಲೇ ಇದನ್ನು ತಿಳಿಯಬಹುದು.

ಕೊಳದ ನೀರಿಗೆ ಧೂಳು, ತರಗೆಲೆ, ಈಜುವವರ ಮೈಯ ಬೆವರು ಬಂದು ಸೇರುತ್ತವೆ. ಮರಳು ತುಂಬಿದ ಫಿಲ್ಟರಿನ ಮೂಲಕ ನೀರನ್ನು ಹಾಯಿಸಿ ಕೊಳೆಯನ್ನು ಸೋಸುವುದೂ, ಕ್ಲೋರಿನನ್ನು ಕೊಳದಲ್ಲೆಲ್ಲ ಹರಡುವುದೂ ಪಂಪಿನ ಕೆಲಸ. ಆದ್ದರಿಂದ ಮೊದಲು ನೀರಿನ ಮೊತ್ತವನ್ನು ಅರಿಯಬೇಕು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳವುಳ್ಳ ಕೊಳವನ್ನು ತೆಗೆದುಕೊಳ್ಳೋಣ. ಅದರಲ್ಲಿ 48 ಘನ ಮೀಟರ್, ಎಂದರೆ 48,000 ಲೀಟರ್ ನೀರು ಹಿಡಿಸುತ್ತದೆ. ಇಷ್ಟು ನೀರನ್ನು 8 ಗಂಟೆಗಳಲ್ಲಿ ಒಂದು ಸುತ್ತು ಹಾಯಿಸಬೇಕಾದರೆ ನಿಮಿಷಕ್ಕೆ 100 ಲೀಟರ್ ಹರಿಯಬೇಕು.

ಒಂದು ಸುತ್ತು ಮುಗಿದೊಡನೆ ನೀರೆಲ್ಲವೂ ಸೋಸಿಹೋಯಿತೆಂದು ಭಾವಿಸಲಾಗದು. ಸೋಸಿದ ನೀರು ಸೋಸದ ನೀರಿನೊಡನೆ ಬೆರೆಯುತ್ತಲೇ ಇರುತ್ತದೆ. ಚೆನ್ನಾಗಿ ಬೆರೆಯುವ ಕೊಳದಲ್ಲಿ ಒಂದು ಸುತ್ತಿನ ಬಳಿಕವೂ ಶೇಕಡ 37ರಷ್ಟು ನೀರು ಫಿಲ್ಟರನ್ನು ಕಂಡೇ ಇರುವುದಿಲ್ಲ. ಎರಡನೆಯ ಸುತ್ತಿಗೆ ಅದು ಶೇಕಡ 14ಕ್ಕೂ, ಮೂರನೆಯದಕ್ಕೆ 5ಕ್ಕೂ ಇಳಿಯುತ್ತದೆ. ಆದ್ದರಿಂದ ಈ ಕೆಲಸ ದಿನದಿನವೂ ನಡೆಯತಕ್ಕದ್ದು.

ಇನ್ನು ಶಕ್ತಿಯ ಮಾತು. ನೀರು ಮೇಲೇರದಿದ್ದರೂ ಕೊಳವೆಯ ಗೋಡೆ, ತಿರುವು, ಕವಾಟ, ಮರಳಿನ ಪದರ ಇವೆಲ್ಲವೂ ಅದರ ಹರಿವಿಗೆ ಅಡ್ಡಿಯಾಗುತ್ತವೆ. ಎಂಜಿನಿಯರರು ಈ ಅಡ್ಡಿಯನ್ನು ಅದಕ್ಕೆ ಸಮನಾದ ಎತ್ತರದಿಂದ ಅಳೆಯುತ್ತಾರೆ. ನಮ್ಮ ಕೊಳದಲ್ಲಿ ಅದು 10 ಮೀಟರ್ ಇರಲಿ. ಸೆಕೆಂಡಿಗೆ 1.67 ಕಿಲೋಗ್ರಾಂ ನೀರನ್ನು 10 ಮೀಟರ್ ಎತ್ತಲು ಸುಮಾರು 163 ವಾಟ್ ಸಾಕು. ಪಂಪಿನಲ್ಲಿ ಅರ್ಧದಷ್ಟು ಶಕ್ತಿ ವ್ಯರ್ಥವಾಗುವುದೆಂದರೂ ಬೇಕಾದುದು 326 ವಾಟ್. ಒಂದು ಅಶ್ವಶಕ್ತಿ 746 ವಾಟ್‌ಗೆ ಸಮ. ಅರ್ಧ ಅಶ್ವಶಕ್ತಿಯ ಪಂಪೇ ಇಲ್ಲಿ ಸಾಕೆಂಬುದು ಸ್ಪಷ್ಟ.

‘ದೊಡ್ಡದನ್ನೇ ಕೊಂಡರೆ ನಷ್ಟವೇನು?’ ಎಂದು ಕೇಳಬಹುದು. ಹರಿವು ಎರಡರಷ್ಟಾದರೆ ಕೊಳವೆಯ ಅಡ್ಡಿ ಸುಮಾರು ನಾಲ್ಕರಷ್ಟಾಗುತ್ತದೆ. ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ. ಮಿತಿಮೀರಿದ ವೇಗದ ನೀರು ಕೊಳೆಯನ್ನು ಮರಳಿನೊಳಗಿಂದ ತಳ್ಳಿಕೊಂಡು ಹೋಗುವುದೂ ಉಂಟು. ಇದೇ ನಿಯಮವನ್ನು ತಿರುಗಿಸಿ ನೋಡೋಣ. ವೇಗವನ್ನು ಬದಲಿಸಬಲ್ಲ ಪಂಪನ್ನು ಅರ್ಧ ವೇಗದಲ್ಲಿ ನಡೆಸಿದರೆ ಎಂಟನೆಯ ಒಂದು ಪಾಲು ಶಕ್ತಿ ಸಾಕು. ಎರಡರಷ್ಟು ಹೊತ್ತು ನಡೆಸಿದರೂ ವಿದ್ಯುತ್ತಿನ ಖರ್ಚು ಕಾಲುಭಾಗಕ್ಕಿಳಿಯುತ್ತದೆ. ಮೋಟಾರಿನ ದಕ್ಷತೆ ಕುಗ್ಗುವುದರಿಂದ ನಿಜವಾದ ಉಳಿತಾಯ ಸ್ವಲ್ಪ ಕಡಮೆ. ಬಾವಿಯ ಪಂಪಿನಲ್ಲಿ ಈ ಉಪಾಯ ನಡೆಯದು. ವೇಗ ಅರ್ಧವಾದರೆ ಅದು ನೀರೆತ್ತಬಲ್ಲ ಎತ್ತರ ಕಾಲುಭಾಗಕ್ಕಿಳಿದು, ನೀರು ತೊಟ್ಟಿಯನ್ನು ಮುಟ್ಟುವುದೇ ಇಲ್ಲ.

ಹಣಕ್ಕಿಂತ ಮಿಗಿಲಾದ ಇನ್ನೊಂದು ವಿಚಾರವಿದೆ. ಕೊಳದ ತಳದಲ್ಲಿ ಪಂಪು ನೀರನ್ನು ಸೆಳೆಯುವ ಬಾಯಿ ಒಂದೇ ಇದ್ದು, ಮಗುವಿನ ಮೈ ಅದನ್ನು ಮುಚ್ಚಿತೆನ್ನಿ. ಬಾಯಿಯ ವ್ಯಾಸ 20 ಸೆಂಟಿಮೀಟರ್ ಇದ್ದು, ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಅರ್ಧದಷ್ಟು ಕುಗ್ಗಿದರೂ ಸುಮಾರು 160 ಕಿಲೋಗ್ರಾಂ ತೂಕದ ಬಲ ಮಗುವನ್ನು ಅಲ್ಲಿಯೇ ಹಿಡಿದಿಡುತ್ತದೆ. ಬಲಶಾಲಿಯಾದ ವಯಸ್ಕನಿಗೂ ಆ ಮಗುವನ್ನು ಬಿಡಿಸಿಕೊಳ್ಳುವುದು ಕಷ್ಟ. ಇಂಥ ಸಾವುಗಳನ್ನು ತಡೆಯಲೆಂದೇ ಅಮೆರಿಕದಲ್ಲಿ 2007ರಲ್ಲಿ ಸುರಕ್ಷಿತ ಮುಚ್ಚಳಗಳನ್ನು ಕುರಿತ ಕಾನೂನಾಯಿತು. ಪರಸ್ಪರ ದೂರದಲ್ಲಿರುವ ಎರಡು ಬಾಯಿಗಳು, ಮೈಯಿಂದ ಮುಚ್ಚಿಹೋಗದಂತೆ ಉಬ್ಬಿದ ಜಾಲರಿ, ಕೈಗೆಟಕುವ ಸ್ವಿಚ್ಚು ಇವುಗಳಿಲ್ಲದ ಕೊಳಕ್ಕೆ ಯಾವ ಪಂಪೂ ತಕ್ಕುದಲ್ಲ.

ವಿದ್ಯಾರ್ಥಿಗಳು ಈಗ ತಾವೇ ಲೆಕ್ಕ ಹಾಕಲಿ: 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳವನ್ನು 10 ಗಂಟೆಗಳಲ್ಲಿ ಒಂದು ಸುತ್ತು ಸೋಸಬೇಕು. ಅಡ್ಡಿ 8 ಮೀಟರಿಗೆ ಸಮ. ಪಂಪಿನ ದಕ್ಷತೆ ಶೇಕಡ 50 ಆದರೆ, ಎಷ್ಟು ಅಶ್ವಶಕ್ತಿಯ ಪಂಪನ್ನು ಆರಿಸೋಣ?