ಕೆರೆ ಏರಿಯ ಮೇಲೆ ಯಾವ ಪ್ರಾಣಿ ಸಿಗುತ್ತದೆ?

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಬೇಸಿಗೆ ರಜೆಯಲ್ಲಿ ಆರು ದಿನದ ಪ್ರಕೃತಿ ಶಿಬಿರಕ್ಕೆ ಸೇರಿಸಬೇಕೆಂದಿದ್ದೇನೆ. ಬೆಳಗ್ಗೆ ಬಿಟ್ಟು ಮಧ್ಯಾಹ್ನದೊಳಗೆ ಕರೆತರುವುದು. ಹೊರಗೆ ಓಡಾಡಿಸಿ ಪ್ರಾಣಿಗಳನ್ನು ಪರಿಚಯಿಸುತ್ತೇವೆ ಅನ್ನುತ್ತಾರೆ. ಊರಂಚಿನ ತೋಪಿನಲ್ಲಿ, ಕೆರೆ ಏರಿಯ ಮೇಲೆ ಯಾವ ಪ್ರಾಣಿ ಸಿಗುತ್ತದೆ? ಅದೇ ದುಡ್ಡಿನಲ್ಲಿ ಮೈಸೂರಿನ ಮೃಗಾಲಯ ತೋರಿಸುವುದು ಮೇಲಲ್ಲವೇ?
– ಒಬ್ಬ ತಾಯಿ, ತುಮಕೂರು

ಉತ್ತರ: ಮೃಗಾಲಯಕ್ಕೂ ಹೋಗಿಬನ್ನಿ ತಾಯಿ, ಜಿರಾಫೆಯನ್ನು ಕಣ್ಣಾರೆ ಕಾಣಲು ನಮಗೆ ಬೇರೆ ದಾರಿಯಿಲ್ಲ. ಆದರೆ ಅಲ್ಲಿ ಮಗು ಒಂದು ಪ್ರಾಣಿಯೆದುರು ನಿಲ್ಲುವುದು ಒಂದೆರಡು ನಿಮಿಷ. ಶಿಬಿರದ ಲಾಭ ಬೇರೆ. ಇವತ್ತು ಕಂಡ ಜೀವಿಯನ್ನೇ ನಾಳೆಯೂ ನಾಡಿದ್ದೂ ಹೋಗಿ ನೋಡಬಹುದು. ಅದಕ್ಕೆ ಆರು ದಿನ ಧಾರಾಳ ಸಾಕು.

ಕರಿಬೇವಿನ ಗಿಡವನ್ನೇ ತೆಗೆದುಕೊಳ್ಳಿ. ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತೆ ಕಂದು ಬಿಳುಪಿನ ಏನೋ ಅಂಟಿಕೊಂಡಿರುತ್ತದೆ. ಬಗ್ಗಿ ನೋಡಿದರೆ ಹುಳ! ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಮರಿ ಅದು. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನದು, ಅದಕ್ಕೇ ಆ ವೇಷ. ಮೈ ದೊಡ್ಡದಾದ ಮೇಲೆ ವೇಷ ನಡೆಯುವುದಿಲ್ಲ, ಪೊರೆ ಬಿಟ್ಟು ಎಲೆಯ ಹಸಿರಿಗೇ ತಿರುಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಬರುತ್ತದೆ, ಜೊತೆಗೇ ಘಾಟು ವಾಸನೆ. ಶತ್ರು ಹೋದನೆಂದು ಅನಿಸಿದ ಕೂಡಲೇ ಕೊಂಬು ಒಳಕ್ಕೆ. ಸೋಮವಾರ ಹಿಕ್ಕೆಯಂತಿದ್ದದ್ದು ಶನಿವಾರದೊಳಗೆ ಹಸಿರಾದದ್ದನ್ನು ಕಂಡ ಮಗುವಿಗೆ ಪಾಠ ಬೇರೆ ಹೇಳಬೇಕೇ?

ತೋಪಿನಲ್ಲಿ, ಮರದ ಬುಡದ ನುಣ್ಣನೆ ಮಣ್ಣಿನಲ್ಲಿ ಕೆಳಕ್ಕೆ ಕಿರಿದಾಗುತ್ತ ಹೋಗುವ ಪುಟ್ಟ ಗುಂಡಿಗಳಿರುತ್ತವೆ. ತಳದಲ್ಲಿ ಒಂದು ಹುಳ ದವಡೆ ತೆರೆದು ಹೂತುಕೊಂಡಿರುತ್ತದೆ. ಜಾರಿದ ಇರುವೆ ಹತ್ತಿ ಬರದಂತೆ ತಲೆಯಿಂದ ಮಣ್ಣು ಎರಚುತ್ತದೆ. ಗುಂಡಿ ತೋಡುವಾಗ ನಡೆಯುವುದು ಹಿಮ್ಮುಖವಾಗಿ. ರೆಕ್ಕೆ ಬಂದು ಹಾರುವ ಕೀಟವಾಗುವತನಕ ಅದು ಮಲವನ್ನೇ ವಿಸರ್ಜಿಸುವುದಿಲ್ಲ ಎಂದರೆ ಮಕ್ಕಳು ನಕ್ಕು ನಕ್ಕು ಸುಸ್ತಾಗುತ್ತಾರೆ, ಮರೆಯುವುದಂತೂ ಇಲ್ಲ. ಮೇಲೆ ಮಾವಿನ ಕೊಂಬೆಯಲ್ಲಿ ಕೆಂಪಿರುವೆಗಳು, ಮಲೆನಾಡಿನವರ ಚಗಳಿ, ಎಲೆ ಸೇರಿಸಿ ಗೂಡು ಹೊಲಿಯುತ್ತಿರುತ್ತವೆ. ದೊಡ್ಡ ಇರುವೆಗಳಲ್ಲಿ ನೂಲಿಲ್ಲ. ನೂಲಿರುವುದು ಮರಿಗಳಲ್ಲಿ. ಮರಿಯನ್ನು ಬಾಯಲ್ಲಿ ಹಿಡಿದು ನೇಕಾರನ ಲಾಳಿಯಂತೆ ಆ ಎಲೆಯಿಂದ ಈ ಎಲೆಗೆ ಓಡಾಡಿಸುತ್ತವೆ. ಭೂತಗನ್ನಡಿಯೂ ಬೇಡ, ತಾಳ್ಮೆಯಿದ್ದರೆ ಕಾಣುತ್ತದೆ.

ಏಪ್ರಿಲ್ ಮೇ ತಿಂಗಳಲ್ಲಿ ಗಂಡು ಓತಿಕ್ಯಾತನ ತಲೆ, ಗಂಟಲು ಕೆಂಪೇರಿರುತ್ತವೆ. ಬೇಲಿಯ ಮೇಲೆ ಕೂತು ಮೈಯನ್ನು ಮೇಲೆ ಕೆಳಗೆ ಆಡಿಸುವುದು ಹೆಣ್ಣನ್ನು ಕರೆಯಲು, ಇನ್ನೊಂದು ಗಂಡನ್ನು ಹೆದರಿಸಲು. ಕುಹೂ ಎನ್ನುವುದು ಗಂಡು ಕೋಗಿಲೆ, ಮೈತುಂಬ ಚುಕ್ಕೆಯಿರುವ ಕಂದು ಬಣ್ಣದ್ದು ಹೆಣ್ಣು. ನಿಮ್ಮ ಜಿಲ್ಲೆಯ ನಾಗವಲ್ಲಿಯ ಕಾಡುಪಾಪ ಮಾತ್ರ ಹಗಲು ಮಲಗುವ ಜೀವಿ, ಬೆಳಗಿನ ಶಿಬಿರದಲ್ಲಿ ಅದನ್ನು ನಿರೀಕ್ಷಿಸಬೇಡಿ.

ಇನ್ನು ಶಿಬಿರದ ಆಯ್ಕೆ. ಕೆಲವೆಡೆ ಮಕ್ಕಳ ಕೊರಳಿಗೆ ಹಾವು ಹಾಕಿ ಫೋಟೋ ತೆಗೆಸುತ್ತಾರೆ, ಧೈರ್ಯ ಬರುತ್ತದಂತೆ. ಇದು ನನಗೆ ಸಿಟ್ಟು ತರಿಸುವ ಸಂಗತಿ. ಹಾವಿಗೂ ಹಿಂಸೆ, ಮಗುವಿಗೂ ಅಪಾಯ. ಒಂದನ್ನು ಮುಟ್ಟಿ ಅಭ್ಯಾಸವಾದ ಮಗು ನಾಳೆ ಕೊಳಕುಮಂಡಲಕ್ಕೂ ಕೈ ಹಾಕೀತು. ನಾಗರಹಾವು, ಕೇರೆಹಾವು, ನಕ್ಷತ್ರ ಆಮೆ, ಗಿಳಿ ಇವನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹಣ ಕಟ್ಟುವ ಮೊದಲು ನಡೆಸುವವರನ್ನು ನೇರವಾಗಿ ಕೇಳಿ. ದಿನಾ ಒಂದೇ ಜಾಗಕ್ಕೆ ಕರೆದೊಯ್ಯುತ್ತೀರಾ, ದಿನಕ್ಕೊಂದು ಕಡೆ ಸುತ್ತಿಸುತ್ತೀರಾ? ಒಬ್ಬರ ಕೈಕೆಳಗೆ ಎಷ್ಟು ಮಕ್ಕಳು? ಎಂಟು ಹತ್ತಕ್ಕಿಂತ ಹೆಚ್ಚಾದರೆ ಹಿಂದಿದ್ದವರಿಗೆ ಹುಳ ಕಾಣದು. ಹೆಜ್ಜೇನು ಕಟ್ಟಿರುವ ಮರ, ಬಂಡೆಗಳನ್ನು ಮೊದಲೇ ನೋಡಿಟ್ಟಿದ್ದಾರೆಯೇ? ಹಾವು ಕಡಿತಕ್ಕೆ ಪ್ರತಿವಿಷ ಸಿಗುವ ಆಸ್ಪತ್ರೆ ಎಷ್ಟು ದೂರ ಎಂಬುದು ಅವರಿಗೆ ಥಟ್ಟನೆ ಗೊತ್ತಿರಬೇಕು. ಬಿಸಿಲೇರುವ ಮೊದಲು, ಹತ್ತು ಗಂಟೆಯ ಹೊತ್ತಿಗೆ ಹೊರಗಿನ ಓಡಾಟ ಮುಗಿಯಬೇಕು. ಮಗಳಿಗೆ ಮುಚ್ಚಿದ ಶೂ, ಟೋಪಿ, ನೀರಿನ ಬಾಟಲಿ ಕೊಟ್ಟು ಕಳಿಸಿ, ಸುಗಂಧ ಪೂಸಬೇಡಿ.

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟರೆ ನಿಶ್ಚಿಂತೆಯಿಂದ ಸೇರಿಸಿ. ಹಾವು ಹಿಡಿಸುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ.