ಹಾಲಿನ ಗಾಡಿಯ ಗೇರ್ ಬಾಕ್ಸ್ ಕಾಯ್ದರೆ



ಸಂಘದಲ್ಲಿ ಹಾಲು ಅಳೆದು ಕೊಟ್ಟು ಚೀಟಿ ಇಸಕೊಂಡ ಮೇಲೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಬಲ್ಕ್ ಕೂಲರ್ ಇಲ್ಲದ ಊರುಗಳಲ್ಲಿ ಆ ಹಾಲಿನ ಗತಿ ಪಿಕಪ್ ಗಾಡಿಯನ್ನೇ ಅವಲಂಬಿಸಿರುತ್ತದೆ. ಕೆಚ್ಚಲಿನಿಂದ ಸುಮಾರು 37 ಡಿಗ್ರಿ ಬಿಸಿಯಲ್ಲಿ ಬರುವ ಹಾಲನ್ನು 4 ಡಿಗ್ರಿಗೆ ಇಳಿಸುವ ತನಕ ಸೂಕ್ಷ್ಮಾಣುಗಳು ಭರದಿಂದ ಬೆಳೆಯುತ್ತವೆ. ಮೇ ತಿಂಗಳ ಬಿಸಿಲಿನಲ್ಲಿ ಗಾಡಿ ದಾರಿಯಲ್ಲಿ ಎರಡು ತಾಸು ನಿಂತರೆ ಹಾಲು ಹುಳಿಯಾಗಿ ಪರೀಕ್ಷೆಯಲ್ಲಿ ಒಡೆಯಬಹುದು. ಆ ನಷ್ಟ ಚಾಲಕನೊಬ್ಬನದಲ್ಲ. ಆದ್ದರಿಂದ ಸ್ವಂತ ಗಾಡಿ ಇದ್ದವರೂ ಬಾಡಿಗೆ ಗಾಡಿ ಗೊತ್ತು ಮಾಡುವ ಸಂಘದವರೂ ಇದನ್ನು ಓದಬೇಕು.

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ನದಿ ಒಂದೇ ನೆಗೆತಕ್ಕೆ ಇಳಿಯುವ ಎತ್ತರವನ್ನು ನಮ್ಮ ಗಾಡಿ ಭಾರ ಹೊತ್ತು ಏರಬೇಕು. ಭಾರವಾದರೂ ಎಷ್ಟು? 40 ಲೀಟರಿನ ಒಂದು ಕ್ಯಾನಿನಲ್ಲಿ ಹಾಲೇ 41 ಕಿಲೋ ತೂಗುತ್ತದೆ. 30 ಕ್ಯಾನು ಹೇರಿದರೆ ಹಾಲು 1,236 ಕಿಲೋ, ಕ್ಯಾನುಗಳ ತೂಕ ಬೇರೆ. ಆರ್.ಸಿ. ಪುಸ್ತಕ ತೆಗೆದು ನೋಡಿ, ಅದರಲ್ಲಿ ಬರೆದ ಭಾರ ಮೀರಿದೆಯೋ ಹೇಗೆ?

ಅಮೆರಿಕದ ಪಿಕಪ್‌ಗಳಲ್ಲಿ ಹೆಚ್ಚಿನವು ತಾನೇ ಗೇರ್ ಬದಲಿಸುವಂಥವು. ಅವುಗಳ ಎಣ್ಣೆ ತಂಪು ಮಾಡಲು ಬೇರೆ ಕೂಲರ್ ಇರುತ್ತದೆ, ಬಿಸಿ ತೋರಿಸುವ ಮುಳ್ಳೂ ಕೆಲವದರಲ್ಲಿ ಉಂಟು. ನಮ್ಮ ಕೈ ಗೇರಿನ ಗಾಡಿಗಳಿಗೆ ಸಾಮಾನ್ಯವಾಗಿ ಇವೆರಡೂ ಇಲ್ಲ. ಹಲ್ಲುಗಳ ತಿಕ್ಕಾಟದ ಬಿಸಿಯನ್ನು ಎಣ್ಣೆ ಹೊರಗಿನ ಕವಚಕ್ಕೆ ಮುಟ್ಟಿಸುತ್ತದೆ, ಕವಚವನ್ನು ಬೀಸುವ ಗಾಳಿ ತಣಿಸುತ್ತದೆ. ಅಷ್ಟೇ ವ್ಯವಸ್ಥೆ. ಕಬ್ಬಿನ ಹೊಲದ ಎರೆಮಣ್ಣು ಕವಚಕ್ಕೆ ಮೆತ್ತಿ ಒಣಗಿದರೆ ಗೇರ್ ಬಾಕ್ಸಿಗೆ ಕಂಬಳಿ ಹೊದಿಸಿದಂತೆಯೇ. ಗಾಡಿ ತೊಳೆಯುವಾಗ ಬಾಡಿಯನ್ನು ಫಳಫಳ ಮಾಡಿ ಅಡಿಭಾಗ ಬಿಡುವವರೇ ಹೆಚ್ಚು. ಮೇಲಿನ ಸಣ್ಣ ಉಸಿರು ರಂಧ್ರವೂ ಮಣ್ಣಿನಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಸೀಲಿನಿಂದ ಎಣ್ಣೆ ಸೋರುತ್ತದೆ.

ಕಾಯುವುದಕ್ಕೆ ಮುಖ್ಯ ಕಾರಣ ಎಣ್ಣೆಯ ಕೊರತೆ. ಸಪಾಟು ನೆಲದಲ್ಲಿ ಗಾಡಿ ನಿಲ್ಲಿಸಿ, ಆರಿದ ಮೇಲೆ ಪಕ್ಕದ ಬಿರಡೆ ತೆಗೆಯಿರಿ. ಸಾಮಾನ್ಯವಾಗಿ ಎಣ್ಣೆ ಆ ತೂತಿನ ಕೆಳ ಅಂಚಿಗೆ ಸಮನಾಗಿರಬೇಕು. ಹೆಚ್ಚು ಹಾಕಿದರೆ ಒಳ್ಳೆಯದೆಂದು ತಿಳಿಯಕೂಡದು. ಹೆಚ್ಚಾದ ಎಣ್ಣೆ ಮೊಸರು ಕಡೆದಂತೆ ಕಡೆದು ನೊರೆಯಾಗಿ ಮತ್ತಷ್ಟು ಕಾಯುತ್ತದೆ. ಯಾವ ದರ್ಜೆಯ ಎಣ್ಣೆ ಎಂಬುದನ್ನು ಕಂಪನಿಯ ಪುಸ್ತಕದಲ್ಲಿ ನೋಡಿರಿ, ಅಂಗಡಿಯವನ ಮಾತಿನ ಮೇಲೆ ಹಾಕಬೇಡಿ. ಎಣ್ಣೆ ಕಪ್ಪಾಗಿ ಸುಟ್ಟ ನಾತ ಬಂದರೆ ಬದಲಿಸಿರಿ. ಲೋಹದ ಚೂರುಗಳು ಕಂಡರೆ ಬೇರಿಂಗು, ಹಲ್ಲು ಸವೆಯುತ್ತಿವೆ; ಮೇಸ್ತ್ರಿಗೆ ತೋರಿಸಿರಿ. ಹಾಲು ಬೆರೆತ ಚಹಾದ ಬಣ್ಣವಾಗಿದ್ದರೆ ನೀರು ಹೊಕ್ಕಿದೆ. 2019ರ ಆಗಸ್ಟಿನಂಥ ಪ್ರವಾಹದಲ್ಲಿ ನೀರಿನೊಳಗೆ ಹಾಯಿಸಿದ ಗಾಡಿಗೆ ಈ ಪರೀಕ್ಷೆ ತಪ್ಪಿಸಕೂಡದು.

ಇನ್ನು ಚಾಲನೆ. ಏರಿನ ಬುಡದಲ್ಲಿಯೇ ಕೆಳಗಿನ ಗೇರಿಗೆ ಬನ್ನಿರಿ. ನಡು ಏರಿನಲ್ಲಿ ಅರ್ಧ ಕ್ಲಚ್ಚು ಒತ್ತಿ ಗಾಡಿ ಹಿಡಿದು ನಿಲ್ಲಿಸುವ ಚಟ ಬಹಳ ಕೆಟ್ಟದ್ದು. ಕ್ಲಚ್ಚಿನ ಬಿಸಿ ಪಕ್ಕದ ಗೇರ್ ಬಾಕ್ಸಿಗೂ ತಾಗುತ್ತದೆ. ಹ್ಯಾಂಡ್ ಬ್ರೇಕ್ ಇರುವುದು ಯಾತಕ್ಕೆ? ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದಂತೂ ಕ್ಯಾನಿನೊಡನೆ ಪ್ರಾಣವನ್ನೂ ಪಣಕ್ಕಿಟ್ಟಂತೆ.

ಗೇರ್ ಬೀಳಲು ಬಿಗಿಯಾದರೆ, ಗುಂಯ್ ಎಂಬ ಸದ್ದು ಹೆಚ್ಚಿದರೆ, ಗಂಧಕದ ಘಾಟು ಬಂದರೆ ನೆರಳು ನೋಡಿ ನಿಲ್ಲಿಸಿರಿ. ಕೈಯಿಂದ ಮುಟ್ಟಬೇಡಿ, ಚೆನ್ನಾಗಿರುವ ಗೇರ್ ಬಾಕ್ಸೂ ಓಡಿದ ಮೇಲೆ ಕೈ ಸುಡುತ್ತದೆ. ನಾಲ್ಕು ಹನಿ ನೀರು ಚಿಮುಕಿಸಿದಾಗ ಚುರ್ ಎಂದರೆ ಕವಚವೇ 100 ಡಿಗ್ರಿ ದಾಟಿದೆ ಎಂದರ್ಥ. ಕೊಡಗಟ್ಟಲೆ ನೀರು ಸುರಿದರೆ ಮಾತ್ರ ಅದು ಬಿರುಕು ಬಿಡಬಹುದು. ಆ ನೀರನ್ನು ಗೋಣಿಚೀಲಕ್ಕೆ ಹಾಕಿ ಕ್ಯಾನುಗಳ ಮೇಲೆ ಹೊದಿಸಿರಿ, ಮುಚ್ಚಳ ತೆಗೆಯಬೇಡಿ, ಹಾಲಿಗೆ ಬರ್ಫವನ್ನಾಗಲಿ ಸೋಡಾವನ್ನಾಗಲಿ ಹಾಕಬೇಡಿ. ಕೂಡಲೇ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ ಬೇರೆ ಗಾಡಿ ತರಿಸಿರಿ. ರಿಪೇರಿ ಆಮೇಲೆ, ಮೊದಲು ಹಾಲು ಮುಂದೆ ಹೋಗಲಿ.