2602ನೇ ಇಸವಿಯ ಪೇಪರು ಸಿಕ್ಕರೆ ಬಿಡಬೇಡಿ

ಎರಡನೇ ಮಹಾಯುದ್ಧದ ಕಾಲದ ಪತ್ರಿಕೆಗಳಲ್ಲಿ ನಾನು ಕೊಂಡ ಮೊದಲನೆಯದರಲ್ಲೇ ಟೋಪಿ ಬಿತ್ತು. 1945ರ ಆಗಸ್ಟ್ 27ರ ‘ಲೈಫ್’ ಸಂಚಿಕೆ. ಮುಖಪುಟದ ತುಂಬ, ನ್ಯೂಯಾರ್ಕಿನ ಬೀದಿಯಲ್ಲಿ ನಾವಿಕನೊಬ್ಬ ಬಿಳಿ ಉಡುಪಿನ ಹೆಣ್ಣಿಗೆ ಮುತ್ತಿಡುವ ಆ ಪ್ರಸಿದ್ಧ ಚಿತ್ರ. ಕ್ವಾಲಾಲಂಪುರದ ಬಾಂಗ್ಸಾರಿನಲ್ಲಿರುವ ನಮ್ಮ ಮನೆಯ ಗೋಡೆಗೆ ಫ್ರೇಮು ಹಾಕಿಸಿ ತೂಗುಹಾಕಿದ ಮೇಲೆ ತಿಳಿಯಿತು: ಆ ಚಿತ್ರ ಅಂದು ಅಚ್ಚಾದದ್ದು ಒಳಪುಟದಲ್ಲಿ, ಮುಖಪುಟದಲ್ಲಲ್ಲ! ‘ಲೈಫ್’ನ ಹಳೆಯ ಸಂಚಿಕೆಗಳನ್ನು ಗೂಗಲ್ ಬುಕ್ಸ್‌ನಲ್ಲಿ ಪುಕ್ಕಟೆಯಾಗಿ ನೋಡಬಹುದು. ಹತ್ತು ನಿಮಿಷ ನೋಡಿದ್ದರೆ ದುಡ್ಡು ಉಳಿಯುತ್ತಿತ್ತು. ಆದ್ದರಿಂದ ಮೊದಲ ಪಾಠ, ಅಂಗಡಿಗೆ ಹೋಗುವ ಮುಂಚೆ ಅಸಲಿ ಹೇಗಿರುತ್ತದೆಂದು ನೋಡಿಕೊಂಡು ಹೋಗಿ.

ಯಾವುದನ್ನು ಹುಡುಕುವುದು?

‘ಲೈಫ್’, ಬ್ರಿಟನ್ನಿನ ‘ಪಿಕ್ಚರ್ ಪೋಸ್ಟ್’ ಲಕ್ಷಗಟ್ಟಲೆ ಅಚ್ಚಾದವು, ಇಂದಿಗೂ ಸಿಗುತ್ತವೆ. ಕೈ ಪಳಗಿಸಿಕೊಳ್ಳಲು ಅವು ಸಾಕು. ಆದರೆ ಮಲೇಷ್ಯಾದಲ್ಲಿದ್ದುಕೊಂಡು ಇಲ್ಲಿನ ಕಾಗದವನ್ನು ಹುಡುಕದಿರುವುದು ಮಲೆನಾಡಿನಲ್ಲಿದ್ದು ಅಡಿಕೆ ಆಮದು ಮಾಡಿಕೊಂಡಂತೆ. 1942ರ ಜನವರಿ 11ರಂದು ಕ್ವಾಲಾಲಂಪುರ, ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾದವು. ಸಿಂಗಪುರಕ್ಕೆ ಸ್ಯೋನಾನ್ ಎಂದು ಹೊಸ ಹೆಸರು ಬಂತು. ಅದೇ ತಿಂಗಳ 20ರಿಂದ ‘ಸ್ಯೋನಾನ್ ಟೈಮ್ಸ್’ ಹೊರಡತೊಡಗಿತು. ಅದರ ದಿನಾಂಕದ ಸಾಲಿನಲ್ಲಿ ಇಸವಿ 2602! ಅದು ಅಚ್ಚಿನ ತಪ್ಪಲ್ಲ, ಜಪಾನೀ ಸಾಮ್ರಾಜ್ಯದ ಶಕೆ. 660 ಕಳೆದರೆ ನಮ್ಮ ಲೆಕ್ಕ ಬರುತ್ತದೆ. 2602ರಿಂದ 2605ರವರೆಗಿನ ಯಾವ ಹಾಳೆ ಕಣ್ಣಿಗೆ ಬಿದ್ದರೂ ಒಮ್ಮೆ ಕೈಗೆತ್ತಿಕೊಳ್ಳಿ. ಹೋಲಿಸಿ ನೋಡಲು ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ.

ಕನ್ನಡಿಗರಿಗೆ ಇನ್ನೊಂದು ದಾರಿಯೂ ಉಂಟು. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ ಹುಟ್ಟಿದ್ದೂ 1942ರಲ್ಲೇ. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದಿದ್ದಾರೆ. ಅದೂ ಯುದ್ಧಕಾಲದ ಪತ್ರಿಕೆಯೇ ಎಂಬುದು ನಮಗೆ ಹೊಳೆಯುವುದಿಲ್ಲ, ಅಷ್ಟೆ.

ಎಲ್ಲಿ ಹುಡುಕುವುದು?

ಬಾಂಗ್ಸಾರ್ ಎಲ್‌ಆರ್‌ಟಿ ನಿಲ್ದಾಣದಿಂದ ನಾಲ್ಕನೆಯ ನಿಲ್ದಾಣ ತಾಮನ್ ಜಯ. ಅಲ್ಲೇ ಪಕ್ಕದ ಆಮ್‌ಕಾರ್ಪ್ ಮಾಲ್‌ನಲ್ಲಿ ಶನಿವಾರ, ಭಾನುವಾರ ಹಳೆ ಸಾಮಾನಿನ ಸಂತೆ. ‘ಯುದ್ಧದ ಪತ್ರಿಕೆ ಇದೆಯೇ’ ಎಂದು ಕೇಳಿದರೆ ಬೆಲೆ ಏರುತ್ತದೆ. ನಾಣ್ಯ, ಅಂಚೆಚೀಟಿ, ಜಪಾನೀಯರ ಕಾಲದ ಬಾಳೆಗಿಡದ ನೋಟು ಮಾರುವವರ ಮೇಜಿನ ಕೆಳಗಿನ ಡಬ್ಬಗಳನ್ನು ಕೆದಕಿ. ಬಾಂಗ್ಸಾರಿನೊಳಗೆ, ಜಾಲಾನ್ ರಿಯೊಂಗ್‌ನ ಹಳೆಯ ಮುದ್ರಣಾಲಯವೊಂದು ಈಗ ಕಾಫಿ ಅಂಗಡಿಗಳ ತಾಣ. ಕಾಫಿ ಚೆನ್ನಾಗಿದೆ, ಪತ್ರಿಕೆ ಸಿಗುವುದಿಲ್ಲ.

ಅಸಲಿಯೋ ನಕಲಿಯೋ?

ನೋಟು ಪರೀಕ್ಷಿಸುವ ಚಿಕ್ಕ ಯುವಿ ಟಾರ್ಚು ಜೇಬಿನಲ್ಲಿರಲಿ. ಕಾಗದವನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳ ಬಳಕೆ ಹೆಚ್ಚಿದ್ದು 1950ರ ಸುಮಾರಿಗೆ. ಅವು ಬೆರೆತ ಕಾಗದ ಟಾರ್ಚಿನಡಿ ನೀಲಿಯಾಗಿ ಹೊಳೆಯುತ್ತದೆ, ಯುದ್ಧಕಾಲದ್ದು ಮಂಕಾಗಿಯೇ ಇರುತ್ತದೆ. ನನ್ನ ‘ಲೈಫ್’ ಟ್ಯೂಬ್‌ಲೈಟಿನಂತೆ ಹೊಳೆಯಿತು. ಹೊಳೆಯದಿದ್ದರೆ ಅಸಲಿಯೇ ಎಂದೂ ಅಲ್ಲ, ಅನುಮಾನ ಒಂದು ಮೆಟ್ಟಿಲು ಇಳಿಯಿತು ಎಂದಷ್ಟೇ. ಆಮೇಲೆ ಪುಟ ಎಣಿಸಿ. ನಡುವಿನ ಹಾಳೆ ಕಳಚಿರುವುದು, ಜಾಹೀರಾತಿನ ಕೂಪನ್ ಕತ್ತರಿಸಿರುವುದು ತೀರ ಸಾಮಾನ್ಯ. ಮೂಸಿಯೂ ನೋಡಿ. ಮುಗ್ಗಲು ವಾಸನೆ ಬಂದರೆ ಬೂಷ್ಟು ಹಿಡಿದಿದೆ, ಎಷ್ಟು ಅಗ್ಗವಾದರೂ ಬೇಡ.

ಮನೆಗೆ ತಂದ ಮೇಲೆ

ನಿಜವಾದ ಕೆಲಸ ಇಲ್ಲಿದೆ. ಈ ಊರಿನ ಗಾಳಿ ವರ್ಷವಿಡೀ ಒದ್ದೆ. ಹೊಸದಾಗಿ ಬಂದದ್ದನ್ನು ಹಳೆಯದರ ಜೊತೆ ಸೇರಿಸಬೇಡಿ. ಜಿಪ್ ಚೀಲದಲ್ಲಿಟ್ಟು, ಗಾಳಿ ಹೊರದೂಡಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹುಳವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ತೆರೆಯಬೇಡಿ, ಬೆವರುವ ನೀರು ಹೊರಗೇ ಉಳಿಯಲಿ. ಬಟಾಣಿ ಪೊಟ್ಟಣದ ಪಕ್ಕ ಚರ್ಚಿಲ್ ಮಲಗಿದ್ದನ್ನು ಕಂಡ ನಮ್ಮ ಮನೆಯವಳು ಈಗ ಫ್ರೀಜರಿನ ಒಂದು ಅರೆಯನ್ನು ನನಗೇ ಬಿಟ್ಟುಕೊಟ್ಟಿದ್ದಾಳೆ.

ಬಳಿಕ ಪಿನ್ನು. ತುಕ್ಕು ಹಿಡಿದ ಪಿನ್ನು ಕಾಗದವನ್ನು ಕಂದಾಗಿಸಿ ತಿಂದುಹಾಕುತ್ತದೆ. ಪತ್ರಿಕೆಯನ್ನು ನಡುಪುಟಕ್ಕೆ ಬಿಚ್ಚಿ, ಪಿನ್ನಿನ ಮಡಚಿದ ಕಾಲುಗಳ ಕೆಳಗೆ ಗಟ್ಟಿ ಪ್ಲಾಸ್ಟಿಕ್ ಚೂರು ತೂರಿಸಿ, ಅದರ ಮೇಲೆ ಮೊಂಡು ಚಾಕುವಿನ ತುದಿಯಿಂದ ಒಂದೊಂದೇ ಕಾಲನ್ನು ಎತ್ತಿ. ಬೆನ್ನಿನ ಕಡೆಯಿಂದ ಎಳೆಯಲು ಹೋದರೆ ಮುಖಪುಟ ಹರಿಯುತ್ತದೆ. ಸೆಲೋಟೇಪು, ಲ್ಯಾಮಿನೇಶನ್ ಎರಡೂ ಬೇಡ. ಪಾಲಿಯೆಸ್ಟರ್ ಕವರು ತೊಡಿಸಿ, ಪಿವಿಸಿ ಅಲ್ಲ. ಮಲಗಿಸಿ ಇಡಿ, ಬೆಳಕು ತಾಗದಿರಲಿ. ಕ್ಯಾಮೆರಾದವರು ಬಳಸುವ ಡ್ರೈ ಕ್ಯಾಬಿನೆಟ್ ಕೊಳ್ಳಲಾಗದಿದ್ದರೆ, ಮುಚ್ಚಳ ಬಿಗಿಯಾದ ಡಬ್ಬ, ಸಿಲಿಕಾ ಜೆಲ್, ತೇವ ಅಳೆಯುವ ಚಿಕ್ಕ ಮೀಟರು. ಮುಳ್ಳು ಶೇಕಡ 50ರ ಆಸುಪಾಸಿನಲ್ಲಿರಲಿ.

ಊರಿನಿಂದ ತರುವ ಮುನ್ನ

ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದನ್ನು ಸೂಟ್‌ಕೇಸಿಗೆ ತುಂಬಿಕೊಂಡು ವಿಮಾನ ಹತ್ತಬೇಡಿ. ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ಐತಿಹಾಸಿಕ ಅಥವಾ ಸಾಹಿತ್ಯಕ ಮಹತ್ವದ ದಾಖಲೆಗೆ 75 ವರ್ಷ ತುಂಬಿದರೆ ಖಾಸಗಿಯವರು ಅದನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ಯುದ್ಧಕಾಲದ್ದೆಲ್ಲವೂ ಆ ವಯಸ್ಸು ದಾಟಿಯಾಗಿದೆ. ನಿಮ್ಮ ಕೈಲಿರುವುದು ಆ ಸಾಲಿಗೆ ಸೇರುತ್ತದೋ ಇಲ್ಲವೋ ಎಂದು ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಮೊದಲೇ ಕೇಳಿ, ಸೇರದಿದ್ದರೆ ಪ್ರಮಾಣಪತ್ರ ಪಡೆದುಕೊಳ್ಳಿ. ನಮ್ಮ ಮಾವನ ಮನೆಯ ‘ಕೊರವಂಜಿ’ ಕಟ್ಟು ಇನ್ನೂ ಮೈಸೂರಿನಲ್ಲೇ ಇದೆ. ಹೋದಾಗಲೆಲ್ಲ ನಾಲ್ಕು ಸಂಚಿಕೆಗಳನ್ನು ಫೋನಿನಲ್ಲಿ ಸೆರೆಹಿಡಿದು ತರುತ್ತೇನೆ.